ಐಓಟಿ ತರಬೇತಿ: ಉಚಿತವಾಗಿ ದೊರೆಯುವುದೆಷ್ಟು, ತಗಲುವ ವೆಚ್ಚವೆಷ್ಟು?

ಕಾರ್ಖಾನೆಯ ಏರ್ ಕಂಪ್ರೆಸರ್ ಊಟದ ವಿರಾಮದಲ್ಲಿಯೂ ಓಡುತ್ತಿದ್ದರೆ ಆ ನಷ್ಟ ಮಾಲೀಕರ ಗಮನಕ್ಕೆ ಬರುವುದು ತಿಂಗಳ ಕೊನೆಗೆ. ಅದೂ ವಿದ್ಯುತ್ ಬಿಲ್ಲಿನ ಒಟ್ಟು ಮೊತ್ತದಲ್ಲಿ ಕರಗಿಹೋದ ರೂಪದಲ್ಲಿ. ಅದೇ ಯಂತ್ರಕ್ಕೆ ಪುಟ್ಟದೊಂದು ಸಂವೇದಕವನ್ನು ಅಳವಡಿಸಿ, ಅದು ಅಳೆದ ಅಂಕಿಗಳು ಕಚೇರಿಯ ಗಣಕಯಂತ್ರಕ್ಕೆ ತಾವಾಗಿಯೇ ತಲುಪುವಂತೆ ಮಾಡಿದರೆ, ಯಾವ ಹೊತ್ತಿನಲ್ಲಿ ಎಷ್ಟು ವಿದ್ಯುತ್ ವ್ಯರ್ಥವಾಯಿತೆಂಬುದು ಅಂದೇ ತಿಳಿಯುತ್ತದೆ. ವಸ್ತುಗಳನ್ನು ಹೀಗೆ ಜಾಲಕ್ಕೆ ಜೋಡಿಸುವ ತಂತ್ರಜ್ಞಾನವೇ ಇಂಟರ್‌ನೆಟ್ ಆಫ್ ಥಿಂಗ್ಸ್, ಸಂಕ್ಷೇಪವಾಗಿ ಐಓಟಿ. 1999ರಲ್ಲಿ ಕೆವಿನ್ ಆಷ್ಟನ್ ಎಂಬ ಬ್ರಿಟಿಷ್ ತಂತ್ರಜ್ಞರು ಬಳಕೆಗೆ ತಂದ ಈ ಹೆಸರು ಇಂದು ಪೀಣ್ಯ, ಹುಬ್ಬಳ್ಳಿ, ಬೆಳಗಾವಿಗಳ ಸಣ್ಣ ಉದ್ದಿಮೆದಾರರಿಗೂ ಪರಿಚಿತವಾಗಿದೆ.

ಇಂತಹ ವ್ಯವಸ್ಥೆಯನ್ನು ಹೊರಗಿನ ಸಂಸ್ಥೆಯೊಂದರಿಂದ ಕೊಳ್ಳುವುದು ಒಂದು ಮಾರ್ಗ. ಕಾರ್ಖಾನೆಯಲ್ಲಿಯೇ ಇರುವ ಐಟಿಐ ಅಥವಾ ಡಿಪ್ಲೊಮಾ ಓದಿದ ನೌಕರನೊಬ್ಬನಿಗೆ ಈ ವಿದ್ಯೆಯನ್ನು ಕಲಿಸುವುದು ಇನ್ನೊಂದು. ಎರಡನೆಯ ಮಾರ್ಗಕ್ಕೆ ಬೇಕಾದ ಪಾಠಗಳು ಬಹುತೇಕ ಶುಲ್ಕವಿಲ್ಲದೆ ದೊರೆಯುತ್ತವೆ ಎಂಬುದು ಅನೇಕ ಉದ್ದಿಮೆದಾರರ ಗಮನಕ್ಕೆ ಬಂದಿಲ್ಲ.

ಮೊದಲಿಗೆ ಹೆಸರಿಸಬೇಕಾದುದು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್. ಖರಗಪುರ ಐಐಟಿಯ ಪ್ರಾಧ್ಯಾಪಕ ಸುದೀಪ್ ಮಿಶ್ರಾ ಅವರ 12 ವಾರಗಳ ಐಓಟಿ ಪರಿಚಯ ಪಾಠಮಾಲೆ ಇಲ್ಲಿ ಹಲವು ಬಾರಿ ನಡೆದಿದೆ. ಪಾಠ ಕೇಳುವುದಕ್ಕೆ ಶುಲ್ಕವಿಲ್ಲ. ಪ್ರಮಾಣಪತ್ರ ಬೇಕೆನ್ನುವವರು ಮಾತ್ರ ರೂ. 1,000ದ ಆಸುಪಾಸಿನ ಶುಲ್ಕ ತೆತ್ತು ಕೇಂದ್ರವೊಂದಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ವಾರದ ಅಭ್ಯಾಸಗಳಿಗೆ 25, ಪರೀಕ್ಷೆಗೆ 75 ಅಂಕಗಳು. ಈ ಪಾಠಗಳು ಎಂಜಿನಿಯರಿಂಗ್ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಸಿದ್ಧಗೊಂಡವು. ಕಾರ್ಖಾನೆಯ ಎಲೆಕ್ಟ್ರಿಷಿಯನ್‌ಗೆ ಆರಂಭದಲ್ಲಿಯೇ ಇವನ್ನು ಕೊಟ್ಟರೆ ಮೂರನೆಯ ವಾರಕ್ಕೆ ಆತ ಕೈಬಿಡುವ ಸಂಭವವೇ ಹೆಚ್ಚು.

ಆದ್ದರಿಂದ ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಆರ್ಡುಯಿನೋ ಪಾಠಗಳಿಂದ ಆರಂಭಿಸುವುದು ಸೂಕ್ತ. ಪಾಠಗಳು ಚಿಕ್ಕವು, ನೋಡುತ್ತ ನೋಡುತ್ತಲೇ ಮಾಡಿ ಕಲಿಯುವಂಥವು. ಈ ಯೋಜನೆಯ ಅನೇಕ ಪಾಠಗಳಿಗೆ ಕನ್ನಡ ಧ್ವನಿಯೂ ಉಂಟು, ಎಲ್ಲಕ್ಕೂ ಇಲ್ಲ, ಮೊದಲೇ ನೋಡಿಕೊಳ್ಳಬೇಕು. ಇಂಗ್ಲಿಷ್ ಬಲ್ಲವರಿಗೆ ಮೈಕ್ರೋಸಾಫ್ಟ್ ಸಂಸ್ಥೆಯು ಆರಂಭಿಕರಿಗಾಗಿ ರಚಿಸಿದ 24 ಪಾಠಗಳ ಪಠ್ಯಕ್ರಮವಿದೆ. ಹೊಲದಿಂದ ಊಟದ ಮೇಜಿನವರೆಗೆ ಆಹಾರ ಸಾಗುವ ದಾರಿಯನ್ನೇ ಉದಾಹರಣೆಯಾಗಿಟ್ಟುಕೊಂಡಿರುವುದರಿಂದ ಕೃಷಿ ಉತ್ಪನ್ನಗಳ ವ್ಯಾಪಾರದಲ್ಲಿರುವವರಿಗೂ ಅದು ರುಚಿಸೀತು. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯ ಪರಿಚಯ ಪಾಠವೂ ಉಚಿತವೇ.

ಉಪಕರಣ ಕೊಳ್ಳುವ ಅವಸರ ಬೇಡ. ವೋಕ್ವಿ, ಟಿಂಕರ್‌ಕ್ಯಾಡ್ ಎಂಬ ಅಣಕು ಪ್ರಯೋಗಾಲಯಗಳಲ್ಲಿ ತಂತಿ ಜೋಡಿಸುವುದನ್ನೂ ಪ್ರೋಗ್ರಾಮ್ ಬರೆಯುವುದನ್ನೂ ಗಣಕದ ಪರದೆಯ ಮೇಲೆಯೇ ಅಭ್ಯಾಸ ಮಾಡಬಹುದು. ತಪ್ಪಾದರೆ ಸುಡುವುದು ಏನೂ ಇಲ್ಲ. ಕೈ ಕುದುರಿದ ಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಯಲ್ಲಿ ಇಎಸ್‌ಪಿ32 ಫಲಕವೊಂದನ್ನೂ, ತಂತಿಯನ್ನು ಕತ್ತರಿಸದೆ ಹೊರಗಿನಿಂದಲೇ ಬಿಗಿದು ವಿದ್ಯುತ್ ಪ್ರವಾಹವನ್ನು ಅಳೆಯುವ ಸಂವೇದಕವೊಂದನ್ನೂ ಕೊಳ್ಳಬಹುದು.

ಈಗ ಲೆಕ್ಕಕ್ಕೆ ಬರೋಣ. ತಿಂಗಳಿಗೆ ರೂ. 24,000 ವೇತನದ ನೌಕರ 26 ದಿನ, ದಿನಕ್ಕೆ 8 ಗಂಟೆ ದುಡಿದರೆ ಆತನ ಒಂದು ಗಂಟೆಯ ಬೆಲೆ ಸುಮಾರು ರೂ. 115. ವಾರಕ್ಕೆ 4 ಗಂಟೆಯಂತೆ 12 ವಾರ ಕಲಿಕೆಗೆ ಬಿಟ್ಟರೆ ರೂ. 5,500 ಮೀರುತ್ತದೆ. ಪರೀಕ್ಷಾ ಶುಲ್ಕ ರೂ. 1,000, ಉಪಕರಣಗಳಿಗೆ ರೂ. 1,500 ಹಿಡಿದರೆ ‘ಉಚಿತ’ ತರಬೇತಿಯ ಒಟ್ಟು ವೆಚ್ಚ ಸುಮಾರು ರೂ. 8,000. ಇನ್ನೊಂದು ಬದಿಯಲ್ಲಿ, 15 ಕಿಲೋವ್ಯಾಟ್ ಕಂಪ್ರೆಸರ್ ಗಾಳಿ ತುಂಬದೆ ಸುಮ್ಮನೆ ಓಡುವಾಗ ಮೂರನೆಯ ಒಂದು ಪಾಲು ವಿದ್ಯುತ್ ಎಳೆಯುತ್ತದೆಂದೂ, ದಿನಕ್ಕೆ ಒಂದು ಗಂಟೆ ಹಾಗೆ ಓಡುತ್ತದೆಂದೂ, ದರ ಯೂನಿಟ್‌ಗೆ ರೂ. 6 ಎಂದೂ ಇಟ್ಟುಕೊಂಡರೆ ತಿಂಗಳ ನಷ್ಟ ರೂ. 780. ಹೂಡಿದ ಹಣ ಹಿಂದಿರುಗಲು ಹತ್ತು ತಿಂಗಳಿಗೂ ತುಸು ಹೆಚ್ಚು ಬೇಕು. ಉದ್ದಿಮೆದಾರರು ಇಲ್ಲಿ ತಮ್ಮ ತಮ್ಮ ಅಂಕಿಗಳನ್ನು ಹಾಕಿ ನೋಡಿಕೊಳ್ಳಬೇಕು. ಅಂಕಿ ತಿಳಿದ ಮಾತ್ರಕ್ಕೆ ಉಳಿತಾಯವಾಗದು, ಸ್ವಿಚ್ ಆರಿಸುವವರೊಬ್ಬರು ಇರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ತರಬೇತಿಯ ವೆಚ್ಚವನ್ನು ಆಸ್ತಿಯೆಂದು ಅಢಾವೆ ಪತ್ರಿಕೆಯಲ್ಲಿ ತೋರಿಸಲು ಲೆಕ್ಕಪತ್ರ ಮಾನದಂಡ 26 ಅವಕಾಶ ಕೊಡುವುದಿಲ್ಲ. ಕಲಿತವನು ಕೆಲಸ ಬಿಟ್ಟರೆ ವಿದ್ಯೆಯೂ ಅವನೊಂದಿಗೆ ಗೇಟು ದಾಟುತ್ತದೆ. ಇಬ್ಬರನ್ನು ಜೊತೆಯಾಗಿ ಕಲಿಯಲು ಬಿಡುವುದು, ಮಾಡಿದ ಜೋಡಣೆಯನ್ನೂ ಪ್ರೋಗ್ರಾಮನ್ನೂ ಕಚೇರಿಯಲ್ಲಿ ಬರೆದಿಡಿಸುವುದು ಅಗತ್ಯ.

ಉಚಿತ ಪಾಠಗಳ ದೊಡ್ಡ ದೋಷವೆಂದರೆ ಹಳತಾದವೂ ಹಾಗೆಯೇ ಉಳಿದಿರುತ್ತವೆ. ಗೂಗಲ್‌ನ ಐಓಟಿ ಕೋರ್ ಸೇವೆ 2023ರ ಆಗಸ್ಟ್‌ನಲ್ಲಿ ನಿಂತಿತು. ಐಬಿಎಂನ ವಾಟ್ಸನ್ ಐಓಟಿ ವೇದಿಕೆಯೂ ಅದೇ ವರ್ಷ ಮುಚ್ಚಿತು. ಅವುಗಳನ್ನು ಆಧರಿಸಿದ ಪಾಠ ಕಲಿತವರ ಶ್ರಮದ ಬಹುಪಾಲು ವ್ಯರ್ಥ. ಇದಕ್ಕೆ ವ್ಯತಿರಿಕ್ತವಾಗಿ, ತೈಲ ಕೊಳವೆಮಾರ್ಗಗಳ ಮಾಹಿತಿಯನ್ನು ಉಪಗ್ರಹದ ಮೂಲಕ ತರಿಸಲು 1999ರಲ್ಲಿ ರೂಪುಗೊಂಡ ಎಂಕ್ಯೂಟಿಟಿ ಎಂಬ ಸಂವಹನ ವಿಧಾನ ಇಂದಿಗೂ ಬಳಕೆಯಲ್ಲಿದೆ. ಯಾವುದೇ ಕಂಪೆನಿಯ ವೇದಿಕೆಗಿಂತ ಮೊದಲು ಇದನ್ನು ಕಲಿಯುವುದು ಲೇಸು. ಮಸ್ಕಿಟೋ, ನೋಡ್-ರೆಡ್ ಎಂಬ ಉಚಿತ ತಂತ್ರಾಂಶಗಳನ್ನು ಕಚೇರಿಯ ಹಳೆಯ ಗಣಕದಲ್ಲಿ ಹಾಕಿಕೊಂಡರೆ ಅಂಕಿಗಳು ಕಾರ್ಖಾನೆಯೊಳಗೇ ಉಳಿಯುತ್ತವೆ. ಕ್ಲೌಡ್ ಸೇವೆಗಳಿಗೆ ಕ್ರೆಡಿಟ್ ಕಾರ್ಡ್ ಸಂಖ್ಯೆ ಕೊಟ್ಟು ಉಚಿತ ಮಿತಿ ಮೀರಿದರೆ ಬಿಲ್ಲು ಬರುತ್ತದೆ.

ಭದ್ರತೆಯ ಪಾಠವನ್ನು ಕೊನೆಗೆಂದು ಬಿಡಬಾರದು. ತಯಾರಕರು ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮರಾ ಮೊದಲಾದ ಸಾಧನಗಳನ್ನು ವಶಪಡಿಸಿಕೊಂಡ ಮಿರಾಯ್ ಎಂಬ ಕುತಂತ್ರಾಂಶವು 2016ರಲ್ಲಿ ಅಮೆರಿಕದ ಅನೇಕ ಪ್ರಮುಖ ಜಾಲತಾಣಗಳನ್ನು ತಾಸುಗಟ್ಟಲೆ ಸ್ಥಗಿತಗೊಳಿಸಿತ್ತು. ಭಾರತದಲ್ಲಿ ಐಓಟಿ ಸಾಧನಗಳ ಮೇಲಿನ ದಾಳಿಯನ್ನು 6 ಗಂಟೆಗಳೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್‌ನ ನಿರ್ದೇಶನ ಹೇಳುತ್ತದೆ.

ಎನ್‌ಪಿಟಿಇಎಲ್ ತರಗತಿಗಳು ಸಾಮಾನ್ಯವಾಗಿ ಜನವರಿ ಮತ್ತು ಜುಲೈ ತಿಂಗಳುಗಳಲ್ಲಿ ಆರಂಭವಾಗುತ್ತವೆ. ಪ್ರಮಾಣಪತ್ರ ಬಯಸುವವರು ಅದಕ್ಕೂ ಎರಡು ತಿಂಗಳು ಮುಂಚೆಯೇ ಆರ್ಡುಯಿನೋ ಅಭ್ಯಾಸ ಮುಗಿಸಿಕೊಂಡಿರಬೇಕು; ಕೇವಲ ಪಾಠ ಸಾಕೆನ್ನುವವರಿಗೆ ಹಿಂದಿನ ತರಗತಿಗಳ ದೃಶ್ಯಪಾಠಗಳು ವರ್ಷವಿಡೀ ಲಭ್ಯ.