ಒಂದೂವರೆ ಕಿಲೋ ಬಗ್ಗಿಗೆ ಎಷ್ಟು ಅಶ್ವಶಕ್ತಿ ಬೇಕು?

ರಿಮೋಟ್ ಬಗ್ಗಿ ಕೊಂಡವರು ಕೆಲವೇ ದಿನಗಳಲ್ಲಿ ಅಂಗಡಿಗೆ ಮರಳಿ ಬಂದು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಇದಕ್ಕಿಂತ ಜೋರಾಗಿ ಓಡಿಸುವ ಮೋಟರ್ ಇದೆಯಾ? ಇದೆ, ಕೊಡುತ್ತಾರೆ. ಹೊಸ ಮೋಟರ್ ಕೂತ ಬಗ್ಗಿ ಡಾಂಬರು ರಸ್ತೆಯಲ್ಲಿ ಕಣ್ಣಿಗೆ ಸಿಗದಂತೆ ಓಡುತ್ತದೆ. ಮಣ್ಣಿಗೆ ಇಳಿಸಿದರೆ ತಿರುವಿನಲ್ಲಿ ಗಿರಕಿ ಹೊಡೆಯುತ್ತದೆ, ದಿಬ್ಬ ಹಾರಿಸಿದರೆ ಮಗುಚಿ ಬೀಳುತ್ತದೆ, ಸ್ವಲ್ಪ ದಿನದಲ್ಲಿ ಗಿಯರಿನ ಹಲ್ಲು ಉದುರುತ್ತದೆ. ಮಣ್ಣಿನಲ್ಲಿ ಓಡಿಸುವ ಬಗ್ಗಿಗೆ ಮೋಟರ್ ಬದಲಿಸುವುದು ಕಟ್ಟಕಡೆಯ ಕೆಲಸವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣ ತುಂಬ ಸರಳವಾದ ಭೌತಶಾಸ್ತ್ರದಲ್ಲಿದೆ.

ಈ ಬಗ್ಗಿಗಳಲ್ಲಿ ಹೆಚ್ಚಿನವು ನಿಜವಾದ ಗಾಡಿಯ ಹತ್ತನೇ ಒಂದು ಅಳತೆಯವು. ಉದ್ದ, ಅಗಲ, ಎತ್ತರ ಮೂರೂ ಹತ್ತರಲ್ಲೊಂದಾದರೆ ಗಾತ್ರ ಸಾವಿರದಲ್ಲೊಂದಾಗುತ್ತದೆ. ತೂಕವೂ ಹಾಗೆಯೇ. ಒಂದೂವರೆ ಟನ್ನಿನ ಕಾರು ಒಂದೂವರೆ ಕಿಲೋಗೆ ಇಳಿಯುತ್ತದೆ, ಸ್ಪರ್ಧೆಗಿಳಿಯುವ ವಿದ್ಯುತ್ ಬಗ್ಗಿಗಳ ತೂಕ ಹೆಚ್ಚುಕಡಿಮೆ ಇಷ್ಟೇ. ಆದರೆ ಗುರುತ್ವ ಕುಗ್ಗುವುದಿಲ್ಲ. ಒಂದು ಮೀಟರ್ ಮೇಲಿಂದ ಬಿದ್ದ ಕಾರು ನೆಲ ಮುಟ್ಟಲು 0.45 ಸೆಕೆಂಡ್ ಬೇಕು. ಅದರ ಹತ್ತನೇ ಒಂದು ಎತ್ತರದಿಂದ, ಅಂದರೆ 10 ಸೆಂಟಿಮೀಟರ್ ಮೇಲಿಂದ ಬಿದ್ದ ಬಗ್ಗಿಗೆ 0.14 ಸೆಕೆಂಡ್ ಸಾಕು. ದೂರ ಹತ್ತು ಪಟ್ಟು ಕಡಿಮೆಯಾದಾಗ ಕಾಲ ಸುಮಾರು ಮೂರು ಪಟ್ಟು ಮಾತ್ರ ಕಡಿಮೆಯಾಯಿತು. ನಿಖರವಾಗಿ ಹೇಳುವುದಾದರೆ ಹತ್ತರ ವರ್ಗಮೂಲದಷ್ಟು, 3.16 ಪಟ್ಟು. ಸಿನಿಮಾದವರಿಗೆ ಈ ಲೆಕ್ಕ ಬಹಳ ಹಿಂದಿನಿಂದ ಗೊತ್ತು. ಹತ್ತನೇ ಒಂದು ಅಳತೆಯ ಮಾದರಿ ಕಾರನ್ನು ಕಂದಕಕ್ಕೆ ಉರುಳಿಸಿ ಚಿತ್ರೀಕರಿಸುವಾಗ ಸೆಕೆಂಡಿಗೆ 24ರ ಬದಲು 76ರ ಆಸುಪಾಸು ಫ್ರೇಮ್ ತೆಗೆದರೆ ತೆರೆಯ ಮೇಲೆ ಅದು ನಿಜವಾದ ಕಾರಿನ ಭಾರದಲ್ಲಿ ಬೀಳುತ್ತದೆ.

ಗಂಟೆಗೆ 40 ಕಿಲೋಮೀಟರ್ ಓಡುವ ಬಗ್ಗಿಯ ವೇಗವನ್ನು ಹತ್ತರಿಂದ ಗುಣಿಸಿ, ದೊಡ್ಡ ಗಾಡಿಯ ಲೆಕ್ಕದಲ್ಲಿ ಇದು 400 ಎಂದು ಹೇಳುವವರಿದ್ದಾರೆ. ಜಿಗಿತ, ತಿರುವು, ಪುಟಿತಗಳ ಮಟ್ಟಿಗೆ ಆ ಲೆಕ್ಕ ತಪ್ಪು, 3.16ರಿಂದ ಗುಣಿಸಬೇಕು, ಸುಮಾರು 126 ಬರುತ್ತದೆ. ಕಚ್ಚಾ ಹಾದಿಯಲ್ಲಿ ಗಂಟೆಗೆ 126 ಕಿಲೋಮೀಟರ್ ಎಂದರೂ ಕಡಿಮೆಯೇನಲ್ಲ.

ಶಕ್ತಿಯ ಲೆಕ್ಕ ಇನ್ನೂ ಸ್ವಾರಸ್ಯದ್ದು. ತೂಕ ಸಾವಿರ ಪಟ್ಟು, ವೇಗ 3.16 ಪಟ್ಟು ಇಳಿದಾಗ ಬೇಕಾಗುವ ಶಕ್ತಿ 3,160 ಪಟ್ಟು ಇಳಿಯುತ್ತದೆ. ನೂರು ಅಶ್ವಶಕ್ತಿಯ ಕಾರಿಗೆ ಸಮನಾದ ಬಗ್ಗಿಗೆ ಬೇಕಾದ್ದು 24 ವ್ಯಾಟ್ ಅಷ್ಟೇ. ಸಾಮಾನ್ಯ ಕಿಟ್‌ಗಳ ಜೊತೆ ಬರುವ 540 ಗಾತ್ರದ ಹಳೇ ಬಗೆಯ ಬ್ರಷ್ ಮೋಟರ್ 60 ವ್ಯಾಟ್ ಆಸುಪಾಸು ಕೊಡುತ್ತದೆ. ಅಂದರೆ ಪೆಟ್ಟಿಗೆ ಬಿಚ್ಚಿದ ದಿನವೇ ನಿಮ್ಮ ಬಗ್ಗಿ 250 ಅಶ್ವಶಕ್ತಿಯ ಕಾರಿಗೆ ಸಮ. ಬ್ರಷ್‌ಲೆಸ್ ಮೋಟರ್ ಹಾಕಿ 7.4 ವೋಲ್ಟಿನ ಬ್ಯಾಟರಿಯಿಂದ 40 ಆಂಪಿಯರ್ ಎಳೆದರೆ ಹೆಚ್ಚುಕಡಿಮೆ 300 ವ್ಯಾಟ್, ದೊಡ್ಡ ಗಾಡಿಯ ಲೆಕ್ಕದಲ್ಲಿ 1,200 ಅಶ್ವಶಕ್ತಿಗೂ ಮೇಲೆ. ಶಕ್ತಿಗೆ ಬರವಿಲ್ಲ. ಆ ಶಕ್ತಿಯನ್ನು ಮಣ್ಣಿಗೆ ದಾಟಿಸುವುದೇ ಕಷ್ಟ.

ಇದನ್ನು ಕಲಿಸಲು ಹಾರ್ನೆಟ್‌ಗಿಂತ ಒಳ್ಳೆಯ ಮಾದರಿ ಇಲ್ಲ. ಜಪಾನಿನ ಶಿಜುವೊಕಾದ ತಮಿಯಾ ಸಂಸ್ಥೆ 1984ರಲ್ಲಿ ತಂದ ಬಗ್ಗಿ ಇದು. ಪ್ಲಾಸ್ಟಿಕ್ ತೊಟ್ಟಿಯಂಥ ಚಾಸಿ, ಹಿಂದಿನ ಚಕ್ರಗಳಿಗೆ ಮಾತ್ರ ಚಾಲನೆ, 540 ಮೋಟರ್. ಲೋಕದ ಮೂಲೆಮೂಲೆಯ ಮಕ್ಕಳು ಸ್ಕ್ರೂಡ್ರೈವರ್ ಹಿಡಿಯಲು ಕಲಿತದ್ದು ಇಂಥ ಕಿಟ್‌ಗಳಿಂದ. 2004ರಲ್ಲಿ ತಮಿಯಾ ಅದನ್ನು ಮತ್ತೆ ಹೊರತಂದಿತು. ಹಾರ್ನೆಟ್ ಗಟ್ಟಿ, ಅಗ್ಗ, ಓಡಿಸಲು ಖುಷಿ. ಆದರೆ ಉಬ್ಬುತಗ್ಗಿನಲ್ಲಿ ಕುಪ್ಪಳಿಸುತ್ತದೆ. ಮುಂದಿನ ಚಕ್ರಗಳಿಗೆ ಬರೀ ಸ್ಪ್ರಿಂಗು, ಕುಲುಕಾಟ ತಡೆಯುವ ಎಣ್ಣೆಯ ಶಾಕ್ ಇಲ್ಲ. ಹಿಂದೆ ಗಿಯರ್ ಪೆಟ್ಟಿಗೆ, ಮೋಟರ್, ಆಕ್ಸಲ್ ಎಲ್ಲ ಒಂದೇ ಮುದ್ದೆಯಾಗಿ ಚಕ್ರದ ಜೊತೆಗೇ ಮೇಲೆ ಕೆಳಗೆ ಆಡುತ್ತವೆ. ಸ್ಪ್ರಿಂಗಿನ ಕೆಳಗೆ ಇಷ್ಟು ಭಾರ ನೇತಾಡಿದರೆ ಒಂದು ಕಲ್ಲು ಹತ್ತಿದ ಚಕ್ರ ಬೇಗ ಕೆಳಗಿಳಿಯಲಾರದು. ಗಾಳಿಯಲ್ಲಿರುವ ಚಕ್ರಕ್ಕೆ ಎಷ್ಟು ಶಕ್ತಿ ಕೊಟ್ಟೂ ಪ್ರಯೋಜನವಿಲ್ಲ.

ಅದೇ 1984ರಲ್ಲಿ ಅಮೆರಿಕದ ಟೀಮ್ ಅಸೋಸಿಯೇಟೆಡ್ ಆರ್‌ಸಿ10 ಎಂಬ ಬಗ್ಗಿ ತಂದಿತು. ಅಲ್ಯೂಮಿನಿಯಂ ಚಾಸಿ, ನಾಲ್ಕೂ ಚಕ್ರಕ್ಕೆ ಬಿಡಿಬಿಡಿ ಸಸ್ಪೆನ್ಷನ್, ನಾಲ್ಕೂ ಕಡೆ ಎಣ್ಣೆ ತುಂಬಿದ ಶಾಕ್. 1985ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ನಡೆದ ಇಂಥ ಬಗ್ಗಿಗಳ ಮೊದಲ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎರಡು ಚಕ್ರ ಚಾಲನೆಯ ವಿಭಾಗ ಗೆದ್ದದ್ದು ಅದೇ. ಮೋಟರಿನ ಗಾತ್ರದಲ್ಲಿ ಇವೆರಡರ ನಡುವೆ ವ್ಯತ್ಯಾಸವಿರಲಿಲ್ಲ, ಎರಡರಲ್ಲೂ 540. ವ್ಯತ್ಯಾಸ ಇದ್ದದ್ದು ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುವ ಏರ್ಪಾಡಿನಲ್ಲಿ.

ಹಾಗಾಗಿ ಮೊದಲ ಖರ್ಚು ಬೇರಿಂಗಿಗೆ. ಕಿಟ್‌ನಲ್ಲಿ ಬರುವ ಪ್ಲಾಸ್ಟಿಕ್ ಬುಷ್‌ಗಳಿಗೆ ಮಣ್ಣು ಹೊಕ್ಕರೆ ತೂತು ಸವೆದು ಅಗಲವಾಗುತ್ತದೆ, ಚಕ್ರ ಅಲ್ಲಾಡುತ್ತದೆ, ಆಕ್ಸಲ್ ಬಿಗಿಯಾಗಿ ಮೋಟರ್ ಕಾಯುತ್ತದೆ. ತಮಿಯಾ ಗಾಡಿಗಳಲ್ಲಿ ಸಾಮಾನ್ಯವಾಗಿ ಹಿಡಿಸುವುದು 11 ಮಿಲಿಮೀಟರ್ ಹೊರವ್ಯಾಸ, 5 ಮಿಲಿಮೀಟರ್ ಒಳವ್ಯಾಸದ ಬಾಲ್ ಬೇರಿಂಗ್. ರಬ್ಬರ್ ಸೀಲ್ ಇರುವುದನ್ನೇ ಕೊಳ್ಳಿ.

ಎರಡನೆಯದು ಶಾಕ್. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಬಗ್ಗಿಯ ಗುಣ ಬದಲಾಗುವುದು ಹೆಚ್ಚಾಗಿ ಇಲ್ಲಿಯೇ. ಸ್ಪ್ರಿಂಗ್ ಶಕ್ತಿಯನ್ನು ನುಂಗುವುದಿಲ್ಲ, ಹಿಡಿದಿಟ್ಟು ವಾಪಸ್ ಕೊಡುತ್ತದೆ. ಅದನ್ನು ಶಾಖವಾಗಿ ಕರಗಿಸುವುದು ಎಣ್ಣೆಯ ಕೆಲಸ. ಕಚೇರಿಗಳ ಬಾಗಿಲಿನ ಮೇಲೆ ಕೂತು ಅದನ್ನು ನಿಧಾನಕ್ಕೆ ಮುಚ್ಚುವ ಡೋರ್ ಕ್ಲೋಸರ್ ಮಾಡುವುದೂ ಇದನ್ನೇ. ಬಗ್ಗಿಯ ಶಾಕಿನೊಳಗೆ ಬೆರಳಿನ ಉಗುರಿಗಿಂತ ಚಿಕ್ಕದಾದ ಪಿಸ್ಟನ್, ಅದರಲ್ಲಿ ಒಂದು ಮಿಲಿಮೀಟರಿನಿಂದ ಒಂದೂವರೆ ಮಿಲಿಮೀಟರಿನಷ್ಟರ ಕೆಲವು ತೂತು. ಪಿಸ್ಟನ್ ಚಲಿಸಿದಾಗ ಎಣ್ಣೆ ಆ ತೂತುಗಳಲ್ಲಿ ನುಸುಳಬೇಕು. ಪಿಸ್ಟನ್ ನಿಧಾನಕ್ಕೆ ಚಲಿಸುವಾಗ ಪ್ರತಿರೋಧ ವೇಗಕ್ಕೆ ತಕ್ಕಂತೆ ಏರುತ್ತದೆ, ಅದನ್ನು ನಿರ್ಧರಿಸುವುದು ಎಣ್ಣೆಯ ಸ್ನಿಗ್ಧತೆ. ಜಿಗಿದು ದಬ್ಬನೆ ಬಿದ್ದಾಗ ಎಣ್ಣೆಯ ಹರಿವು ಕದಡಿ ಪ್ರತಿರೋಧ ವೇಗದ ವರ್ಗಕ್ಕೆ ತಕ್ಕಂತೆ ಏರತೊಡಗುತ್ತದೆ, ಆಗ ತೂತಿನ ಗಾತ್ರದ್ದೇ ಕಾರುಬಾರು. ಸಣ್ಣ ತೂತು, ತೆಳು ಎಣ್ಣೆ ಒಂದು ಜೋಡಿ. ದೊಡ್ಡ ತೂತು, ಗಟ್ಟಿ ಎಣ್ಣೆ ಇನ್ನೊಂದು. ಕೈಯಲ್ಲಿ ಒತ್ತಿ ನೋಡಿದರೆ ಎರಡೂ ಒಂದೇ ಅನಿಸಬಹುದು. ಜಿಗಿತದಲ್ಲಿ ಮೊದಲನೆಯದು ಗಟ್ಟಿಯಾಗಿ ನಿಂತು ಚಾಸಿ ನೆಲಕ್ಕೆ ಬಡಿಯದಂತೆ ಕಾಯುತ್ತದೆ, ಆದರೆ ಒರಟು ಹಾದಿಯಲ್ಲಿ ಚಕ್ರವನ್ನು ಒದರಿಸುತ್ತದೆ. ಎರಡನೆಯದು ಚಿಕ್ಕ ಗುಂಡಿಗಳ ಮೇಲೆ ಮೆತ್ತಗೆ ಸಾಗುತ್ತದೆ, ದೊಡ್ಡ ಜಿಗಿತದಲ್ಲಿ ತಳ ಮುಟ್ಟುತ್ತದೆ. ಜಲ್ಲಿ ತುಂಬಿದ ಬಯಲಿನಲ್ಲಿ ಓಡಿಸುವವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ.

ಎಣ್ಣೆ ಸಿಲಿಕೋನ್‌ದೇ ಆಗಬೇಕು. ಎಂಜಿನ್ ಆಯಿಲ್ ಬಿಸಿಲಿಗೆ ಬೇಗ ತೆಳುವಾಗುತ್ತದೆ, ರಬ್ಬರ್ ಸೀಲನ್ನೂ ಉಬ್ಬಿಸಬಹುದು. ಸಿಲಿಕೋನ್ ಎಣ್ಣೆಯ ಸ್ನಿಗ್ಧತೆ ಉಷ್ಣತೆಗೆ ಅಷ್ಟಾಗಿ ಬದಲಾಗದು, ಆದರೂ ಬದಲಾಗುತ್ತದೆ. ಬೇಸಿಗೆಯ ಮಧ್ಯಾಹ್ನಕ್ಕೂ ಚಳಿಗಾಲದ ಬೆಳಗಿಗೂ ಒಂದೇ ಎಣ್ಣೆ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಸೀಸೆಯ ಮೇಲೆ ಸೆಂಟಿಸ್ಟೋಕ್ ಲೆಕ್ಕ ಇರುತ್ತದೆ. ನೀರಿನದು 1, ಬಗ್ಗಿಗೆ 300ರಿಂದ 450ರ ನಡುವಿನದು ಒಳ್ಳೆಯ ಆರಂಭ. ತುಂಬುವಾಗ ಅವಸರ ಬೇಡ. ಶಾಕನ್ನು ನೆಟ್ಟಗೆ ಹಿಡಿದು ಕಂಠದವರೆಗೆ ಎಣ್ಣೆ ಸುರಿಯಿರಿ. ಪಿಸ್ಟನ್ನನ್ನು ಎಣ್ಣೆಯಿಂದ ಹೊರಬರದಂತೆ ನಿಧಾನಕ್ಕೆ ಮೇಲೆ ಕೆಳಗೆ ಆಡಿಸಿ. ತೂತುಗಳಿಂದ ಸೂಜಿಮೊನೆಯಷ್ಟರ ಗುಳ್ಳೆಗಳು ಸಾಲಾಗಿ ಮೇಲೇರುತ್ತವೆ. ಅವು ನಿಂತ ಮೇಲೂ ಐದು ನಿಮಿಷ ಬಿಟ್ಟುಬಿಡಿ, ಗೋಡೆಗೆ ಅಂಟಿಕೊಂಡವು ಆಗ ಬರುತ್ತವೆ. ಮುಚ್ಚಳ ಬಿಗಿದ ಮೇಲೆ ಕಿವಿಯ ಬಳಿ ಹಿಡಿದು ಒತ್ತಿ. ಒಳಗೆ ಪಿಚಪಿಚ ಸದ್ದು ಬಂದರೆ ಗಾಳಿ ಉಳಿದಿದೆ, ಮತ್ತೆ ತೆಗೆಯಬೇಕು. ಎಡಬಲದ ಶಾಕ್‌ಗಳು ಒತ್ತಿ ಬಿಟ್ಟಾಗ ಒಂದೇ ವೇಗದಲ್ಲಿ ಹಿಂದಿರುಗಬೇಕು. ಇಲ್ಲವಾದರೆ ಬಗ್ಗಿ ಒಂದು ಬದಿಗೆ ಚೆನ್ನಾಗಿ ತಿರುಗುತ್ತದೆ, ಇನ್ನೊಂದು ಬದಿಗೆ ಹಟ ಮಾಡುತ್ತದೆ.

ಟೈರಿನ ಬಗ್ಗೆ ಹೇಳಲು ಹೆಚ್ಚಿಲ್ಲ: ಸಡಿಲ ಮಣ್ಣಿಗೆ ಎತ್ತರದ ಮುಳ್ಳು, ತುಳಿದು ಗಟ್ಟಿಯಾದ ನೆಲಕ್ಕೆ ಗಿಡ್ಡ ಮುಳ್ಳು, ರಬ್ಬರ್ ಆದಷ್ಟು ಮೆತ್ತಗೆ. ಬೆಲೆಗೆ ತಕ್ಕ ಫಲ ಇಷ್ಟು ಬೇಗ ಕಾಣುವ ಬದಲಾವಣೆ ಬೇರೆ ಇಲ್ಲ.

ಈಗ ಗಿಯರ್. ಮೋಟರ್ ಬದಲಿಸದೆಯೇ ವೇಗ ಬದಲಿಸುವ ದಾರಿ ಇದು. ಬ್ರಷ್‌ಲೆಸ್ ಮೋಟರಿನ ಮೇಲೆ ಬರೆದಿರುವ ಕೆವಿ ಎಂಬ ಅಂಕಿ, ಹೊರೆಯಿಲ್ಲದಾಗ ಪ್ರತಿ ವೋಲ್ಟಿಗೆ ನಿಮಿಷಕ್ಕೆ ಅದು ಎಷ್ಟು ಸುತ್ತು ಸುತ್ತುತ್ತದೆ ಎಂಬುದನ್ನು ಹೇಳುತ್ತದೆ. 3,000 ಕೆವಿಯ ಮೋಟರಿಗೆ 7.4 ವೋಲ್ಟ್ ಕೊಟ್ಟರೆ 22,200 ಸುತ್ತು. ಮೋಟರಿನ ಪಿನಿಯನ್‌ಗೆ 29 ಹಲ್ಲು, ಅದು ತಿರುಗಿಸುವ ಸ್ಪರ್ ಗಿಯರಿಗೆ 87 ಹಲ್ಲು, ಒಳಗಿನ ಗಿಯರ್ ಪೆಟ್ಟಿಗೆಯಲ್ಲಿ ಇನ್ನು 2.6 ಪಟ್ಟು ಇಳಿತ ಎಂದಿಟ್ಟುಕೊಳ್ಳಿ. ಒಟ್ಟು 7.8. ಚಕ್ರ ನಿಮಿಷಕ್ಕೆ 2,846 ಸುತ್ತುತ್ತದೆ. 85 ಮಿಲಿಮೀಟರ್ ವ್ಯಾಸದ ಟೈರಿದ್ದರೆ ಗಂಟೆಗೆ 45 ಕಿಲೋಮೀಟರ್ ದಾಟುತ್ತದೆ. ಹೊರೆ ಬಿದ್ದಾಗ ಇದಕ್ಕಿಂತ ಸ್ವಲ್ಪ ಕಡಿಮೆ. ಪಿನಿಯನ್‌ಗೆ ಎರಡು ಹಲ್ಲು ಹೆಚ್ಚಿಸಿ 31 ಮಾಡಿದರೆ ವೇಗ ಶೇ. 7ರಷ್ಟು ಏರುತ್ತದೆ. ಆದರೆ ಚಕ್ರವನ್ನು ಅದೇ ಬಲದಿಂದ ತಳ್ಳಲು ಮೋಟರ್ ಶೇ. 7ರಷ್ಟು ಹೆಚ್ಚು ಕರೆಂಟ್ ಎಳೆಯಬೇಕು, ಸುರುಳಿಯ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಶೇ. 14ರಷ್ಟು ಏರುತ್ತದೆ. ಬ್ರಷ್‌ಲೆಸ್ ಮೋಟರಿನ ನಿಯೋಡೈಮಿಯಂ ಆಯಸ್ಕಾಂತ ಅತಿಯಾಗಿ ಕಾದರೆ ತನ್ನ ಬಲದ ಒಂದಂಶವನ್ನು ಕಾಯಂ ಕಳೆದುಕೊಳ್ಳುತ್ತದೆ. ಪಿನಿಯನ್ ಬದಲಿಸಿದಾಗಲೆಲ್ಲ ಐದು ನಿಮಿಷ ಓಡಿಸಿ, ನಿಲ್ಲಿಸಿ, ಮೋಟರಿನ ಉಷ್ಣತೆ ಅಳೆಯಿರಿ. 80 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಹಲ್ಲು ಇಳಿಸಿ.

ಎರಡು ಗಿಯರ್‌ಗಳ ನಡುವಿನ ಅಂತರಕ್ಕೂ ಒಂದು ಹಳೆಯ ಉಪಾಯವಿದೆ. ನೋಟ್‌ಬುಕ್ ಹಾಳೆಯ ತೆಳುಪಟ್ಟಿಯೊಂದನ್ನು ಹಲ್ಲುಗಳ ನಡುವೆ ಕಚ್ಚಿಸಿ, ಮೋಟರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿಯಿರಿ. ಗಿಯರ್ ತಿರುಗಿಸಿ ಪಟ್ಟಿ ಹೊರತೆಗೆದಾಗ ಅದರ ಮೇಲೆ ಗರಗಸದಂತೆ ಸಮನಾದ ಮಡಿಕೆ ಮೂಡಿರಬೇಕು, ಎಲ್ಲೂ ಹರಿದಿರಬಾರದು. ಹರಿದಿದ್ದರೆ ಬಿಗಿ ಹೆಚ್ಚು, ಮಡಿಕೆ ಮಸುಕಾಗಿದ್ದರೆ ಸಡಿಲ.

ಇಷ್ಟೆಲ್ಲ ಆದ ಮೇಲೆ ಬಗ್ಗಿಯನ್ನು ಹಾರಿಸಿ ನೋಡಿ. ಗಾಳಿಯಲ್ಲಿದ್ದಾಗ ಥ್ರಾಟಲ್ ಒತ್ತಿದರೆ ಮೂತಿ ಮೇಲೇಳುತ್ತದೆ, ಬ್ರೇಕ್ ಹಾಕಿದರೆ ಕೆಳಗೆ ಬಾಗುತ್ತದೆ. ನೆಲದ ಆಸರೆಯಿಲ್ಲದಾಗ ಬಗ್ಗಿಯ ಒಟ್ಟು ಕೋನೀಯ ಸಂವೇಗ ಬದಲಾಗಲಾರದು; ಚಕ್ರಗಳು ಮುಂದಕ್ಕೆ ಜೋರಾಗಿ ಸುತ್ತತೊಡಗಿದರೆ ಒಡಲು ಹಿಂದಕ್ಕೆ ತಿರುಗಿ ಆ ಲೆಕ್ಕ ಸರಿದೂಗಿಸಬೇಕು. ಬಗ್ಗಿಯ ಟೈರುಗಳು ಅದರ ಒಡಲಿಗೆ ಹೋಲಿಸಿದರೆ ದೊಡ್ಡವು, ಮೋಟರ್ ಅವುಗಳ ಸುತ್ತನ್ನು ಕ್ಷಣದಲ್ಲಿ ಬದಲಿಸಬಲ್ಲದು. ಹಾಗಾಗಿ ಈ ಪರಿಣಾಮ ಬರಿಗಣ್ಣಿಗೇ ಕಾಣುತ್ತದೆ. ನುರಿತವರು ಇದೇ ಉಪಾಯದಿಂದ ನಾಲ್ಕೂ ಚಕ್ರ ಒಟ್ಟಿಗೆ ನೆಲ ಮುಟ್ಟುವಂತೆ ಇಳಿಸುತ್ತಾರೆ. ಪ್ರೌಢಶಾಲೆಯ ಭೌತಶಾಸ್ತ್ರದ ಮೇಷ್ಟ್ರುಗಳು ಇದನ್ನೊಮ್ಮೆ ಮಕ್ಕಳಿಗೆ ಮೈದಾನದಲ್ಲಿ ತೋರಿಸಬೇಕು. ಕೋನೀಯ ಸಂವೇಗ ವಿವರಿಸಲು ಇದಕ್ಕಿಂತ ಸುಲಭದ ಸಾಧನ ನಾನು ಕಂಡಿಲ್ಲ.

ಕೊನೆಗೆ ಬ್ಯಾಟರಿ. ಹಳೆಯ ಬಗ್ಗಿಗೆ ಹೊಸ ಜೀವ ಕೊಡುವವರು ಗಮನವಿಟ್ಟು ಓದಬೇಕಾದ ಭಾಗ ಇದು. ಹಾರ್ನೆಟ್‌ನಂಥ ಗಾಡಿಗಳು ಹುಟ್ಟಿದ್ದು 7.2 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯ ಕಾಲದಲ್ಲಿ. ಆ ಬ್ಯಾಟರಿಯನ್ನು ಬಗ್ಗಿ ನಿಧಾನವಾಗುವವರೆಗೆ ಓಡಿಸಿದರೂ ಅಪಾಯವಿರಲಿಲ್ಲ. ಈಗಿನ ಎರಡು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯಲ್ಲಿ ಪ್ರತಿ ಸೆಲ್ಲು 4.2 ವೋಲ್ಟ್ ಮೀರಬಾರದು, 3 ವೋಲ್ಟಿಗಿಂತ ಕೆಳಗೂ ಇಳಿಯಬಾರದು. ಹಳೆಯ ಸ್ಪೀಡ್ ಕಂಟ್ರೋಲರ್‌ಗಳಿಗೆ ವೋಲ್ಟೇಜ್ ಇಳಿದಾಗ ಕರೆಂಟ್ ಕಡಿಯುವುದು ಗೊತ್ತಿಲ್ಲ. ಕನೆಕ್ಟರ್ ಹೊಂದಿತು ಎಂದು ಲಿಪೊ ಸಿಕ್ಕಿಸಿದರೆ ಅದು ಸಾಯುವವರೆಗೆ ಹಿಂಡುತ್ತವೆ. ಹಾಗೆ ಹಿಂಡಿಸಿಕೊಂಡ ಬ್ಯಾಟರಿ ಮುಂದಿನ ಚಾರ್ಜಿನಲ್ಲಿ ಬೆಂಕಿ ಹಿಡಿಯಬಹುದು. ಲಿಪೊ ಹಾಕುವುದಾದರೆ ಮೊದಲು ಲಿಪೊ ಕಟ್‌ಆಫ್ ಇರುವ ಕಂಟ್ರೋಲರ್ ಕೊಳ್ಳಿ. ಎಲ್ಲ ಸೆಲ್ಲನ್ನೂ ಸಮನಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರಿನಲ್ಲೇ ಚಾರ್ಜ್ ಮಾಡಿ, ಮಾಡುವಾಗ ಎದುರಿಗೇ ಇರಿ, ಹಾಸಿಗೆ ಪರದೆಗಳಿಂದ ದೂರವಿಡಿ. ವಾರಗಟ್ಟಲೆ ಓಡಿಸುವುದಿಲ್ಲವಾದರೆ ಸೆಲ್ಲಿಗೆ 3.8 ವೋಲ್ಟಿನಲ್ಲಿ ಎತ್ತಿಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಉಬ್ಬಿದ ಬ್ಯಾಟರಿಯನ್ನು ಚುಚ್ಚುವುದಾಗಲಿ, ಮನೆ ಕಸದ ಬುಟ್ಟಿಗೆ ಹಾಕುವುದಾಗಲಿ ಖಂಡಿತ ಬೇಡ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.