ನಿಂತ ಗಡಿಯಾರಕ್ಕೆ ಎಣ್ಣೆ ಬಿಡುವ ಮುನ್ನ

ಹಳೆಯ ಕಾರಿನ ಡ್ಯಾಶ್‌ಬೋರ್ಡ್ ಗಡಿಯಾರ ನಿಂತರೆ ‘ಸವೆದುಹೋಗಿದೆ’ ಎಂದು ಕೈಬಿಡುವವರೇ ಹೆಚ್ಚು. ಬಿಚ್ಚಿ ನೋಡಿದರೆ ಸವೆತ ಅಷ್ಟಾಗಿ ಕಾಣುವುದಿಲ್ಲ. ಕಾಣುವುದು ಒಣಗಿದ ಎಣ್ಣೆಯ ಜಿಡ್ಡು, ಸುಟ್ಟ ಪಾಯಿಂಟು. ಮೊದಲನೆಯದು ವಯಸ್ಸಿನಿಂದ ಬಂದದ್ದು, ಎರಡನೆಯದು ಬಹುಮಟ್ಟಿಗೆ ಸೊರಗಿದ ಬ್ಯಾಟರಿಯಿಂದ. ಕ್ಯಾಸನೂರು, ಸೊರಬ, ಶಿಕಾರಿಪುರದ ಕಡೆ ಮಳೆಗಾಲವಿಡೀ ಶೆಡ್ಡಿನಲ್ಲೇ ನಿಲ್ಲುವ ಹಳೆಯ ಕಾರಿಗೆ ಇವೆರಡರ ಜೊತೆಗೆ ತೇವವೂ ಸೇರುತ್ತದೆ.

1950–60ರ ದಶಕದ ಅಮೆರಿಕನ್ ಕಾರುಗಳ ಗಡಿಯಾರಕ್ಕೆ ವೈರು ಬಂದಿರುತ್ತದೆ, ನಿಜ. ಆದರೆ ಒಳಗಿರುವುದು ಕೈಗಡಿಯಾರದ ಜಾತಿಯದೇ: ಸ್ಪ್ರಿಂಗು, ಹಲ್ಲುಚಕ್ರ, ಅತ್ತಿತ್ತ ತಿರುಗುವ ಬ್ಯಾಲೆನ್ಸ್ ಚಕ್ರ, ಅದಕ್ಕೊಂದು ಹೇರ್‌ಸ್ಪ್ರಿಂಗ್. ಕರೆಂಟಿನ ಕೆಲಸ ಕೀ ಕೊಡುವುದು ಮಾತ್ರ. ಒಂದೆರಡು ನಿಮಿಷದಲ್ಲಿ ಸ್ಪ್ರಿಂಗು ಸಡಿಲಗೊಂಡು ಎರಡು ಪಾಯಿಂಟುಗಳು ಕೂಡುತ್ತವೆ; ಕಾಯಿಲ್ ಅಯಸ್ಕಾಂತವಾಗಿ ತೋಳೊಂದನ್ನು ‘ಟಕ್’ ಎಂದು ಎಸೆಯುತ್ತದೆ; ಸ್ಪ್ರಿಂಗು ಮತ್ತೆ ಬಿಗಿದು ಪಾಯಿಂಟು ಬಿಟ್ಟುಕೊಳ್ಳುತ್ತದೆ. ಕ್ಷಣಾರ್ಧದ ಕೆಲಸವಾದ್ದರಿಂದ ಕಾಯಿಲ್ ಬಿಸಿಯಾಗುವುದಿಲ್ಲ. ಬ್ಯಾಟರಿ ಸೊರಗಿದ್ದರೆ ತೋಳನ್ನು ಎಸೆಯುವಷ್ಟು ಬಲ ಸಾಲದು, ಪಾಯಿಂಟು ಕೂಡಿಯೇ ಉಳಿಯುತ್ತದೆ, ಕರೆಂಟು ಎಡೆಬಿಡದೆ ಹರಿದು ಕಾಯಿಲ್ ಸುಡುತ್ತದೆ. ಇಂಥ ಗಡಿಯಾರವನ್ನು ಕೊಲ್ಲುವುದು ಹೆಚ್ಚು ವೋಲ್ಟೇಜಿಗಿಂತ ಕಡಿಮೆ ವೋಲ್ಟೇಜು ಎಂಬುದು ವಿಚಿತ್ರವಾದರೂ ಸತ್ಯ. ಚಕ್ರಗಳೆಲ್ಲ ಸರಿಯಿದ್ದೂ ಗಡಿಯಾರ ನಿಂತಿರುವುದಕ್ಕೆ ಕಾರಣ ಇಲ್ಲೇ ಸಿಗುತ್ತದೆ.

ಇನ್ನು ಎಣ್ಣೆಯ ವಿಷಯ. ಚಕ್ರದ ಅಚ್ಚಿನ ತುದಿ ಹಿತ್ತಾಳೆ ತಟ್ಟೆಯ ರಂಧ್ರದಲ್ಲಿ ಜಾರುತ್ತದೆ. ಎಣ್ಣೆ ಬೇಕಾದದ್ದು ಅಲ್ಲಿಗೆ, ಅದೂ ಸೂಜಿಮೊನೆಯಷ್ಟು. ರಂಧ್ರದ ಸುತ್ತಲಿನ ಸಣ್ಣ ಬಟ್ಟಲಿನಲ್ಲಿ ಹನಿ ತನ್ನ ಮೇಲ್ಮೈ ಎಳೆತದಿಂದಲೇ ನಿಲ್ಲುತ್ತದೆ. ಹನಿ ದೊಡ್ಡದಾದರೆ ತಟ್ಟೆಯ ಮೇಲೆ ಹರಡುತ್ತದೆ, ಆಮೇಲೆ ರಂಧ್ರದಲ್ಲಿದ್ದ ಎಣ್ಣೆಯನ್ನೂ ಹೊರಗೆಳೆದುಕೊಳ್ಳುತ್ತದೆ. ಹೀಗೆ ಅತಿಯಾದ ಎಣ್ಣೆಯೇ ಕೊನೆಗೆ ಒಣ ಅಚ್ಚಿಗೆ ಕಾರಣ. ಚಕ್ರದ ಹಲ್ಲುಗಳಿಗೆ ಎಣ್ಣೆ ಬೇಡ. ಅಲ್ಲಿ ಧೂಳು ಕೂತು ಉಜ್ಜುಕಾಗದದಂತಾಗುತ್ತದೆ. ಹೇರ್‌ಸ್ಪ್ರಿಂಗಿಗಂತೂ ತಾಗಲೇಬಾರದು: ಸುರುಳಿಗಳು ಒಂದಕ್ಕೊಂದು ಅಂಟಿದರೆ ಸ್ಪ್ರಿಂಗಿನ ಉದ್ದ ಕಡಿಮೆಯಾದಂತೆಯೇ, ಗಡಿಯಾರ ಮುಂದೋಡುತ್ತದೆ.

‘ಸ್ಪ್ರೇ ಹೊಡೆದ ಕೂಡಲೇ ಓಡಿತಲ್ಲ?’ ಎಂದು ಕೇಳುವವರಿದ್ದಾರೆ. ಓಡುತ್ತದೆ, ಏಕೆಂದರೆ ಸ್ಪ್ರೇಯಲ್ಲಿನ ದ್ರಾವಕ ಹಳೆಯ ಜಿಡ್ಡನ್ನು ಸಡಿಲಿಸುತ್ತದೆ. ಆದರೆ ಜಿಡ್ಡು ಹೋಗಲು ದಾರಿಯಿಲ್ಲ. ದ್ರಾವಕ ಆರಿದ ಮೇಲೆ ಅದೇ ಕೊಳೆ ಇನ್ನಷ್ಟು ಒಳಗೆ ಕೂರುತ್ತದೆ. ಬಿಚ್ಚಿ, ಪೆಟ್ರೋಲಿನಂಥ ದ್ರಾವಕದಲ್ಲಿ ತೊಳೆದು, ಒಣಗಿಸಿ, ಆಮೇಲೆ ಗಡಿಯಾರದ ಎಣ್ಣೆ ಇಡುವುದೇ ರಿಪೇರಿ. ಮಿಕ್ಕದ್ದು ಮುಂದೂಡಿಕೆ. ಇದಕ್ಕೆ ವಿದೇಶದ ತಜ್ಞರನ್ನು ಹುಡುಕಬೇಕಾಗಿಲ್ಲ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸತೊಡಗಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಕೀ ಕೊಡುವ ಎಚ್‌ಎಂಟಿಯನ್ನು ಬಿಚ್ಚಿ ಜೋಡಿಸಿದ ಕೈಗೆ ಕಾರಿನ ಗಡಿಯಾರದ ಚಕ್ರಗಳು ಹೊಸವಲ್ಲ. ಕಾಯಿಲ್, ಪಾಯಿಂಟಿನ ಮಟ್ಟಿಗೆ ಎಲೆಕ್ಟ್ರಿಷಿಯನ್ ಜೊತೆಗಿದ್ದರೆ ಸಾಕು.

ಒಳಗಿನದನ್ನೆಲ್ಲ ಕಿತ್ತು ಕ್ವಾರ್ಟ್ಜ್ ಯಂತ್ರ ಕೂರಿಸಬಾರದೇಕೆ ಎಂಬುದು ಇದಕ್ಕಿಂತ ಗಟ್ಟಿ ಆಕ್ಷೇಪ. ಸೆಕೆಂಡಿಗೆ 32,768 ಸಲ ಕಂಪಿಸುವ ಹರಳಿನ ನಿಖರತೆಗೆ ಹಳೆಯ ಬ್ಯಾಲೆನ್ಸ್ ಚಕ್ರ ಎಂದೂ ಸರಿಗಟ್ಟದು. ದಿನಾ ಓಡಿಸುವ ಕಾರಾದರೆ ಹಾಗೇ ಮಾಡಲಿ, ತಪ್ಪೇನಿಲ್ಲ. ಆದರೆ ಸಮಯ ನೋಡಲು ಎಲ್ಲರ ಜೇಬಿನಲ್ಲೂ ಫೋನಿದೆ. ಹಳೆಯ ಕಾರನ್ನು ಇಟ್ಟುಕೊಳ್ಳುವುದೇ ಅದರ ಕಾಲದ ಯಂತ್ರವಿದ್ಯೆಗಾಗಿ ಎಂದಾದರೆ, ಎಂಜಿನ್ ಉಳಿಸಿಕೊಂಡು ಗಡಿಯಾರದ ಕರುಳು ತೆಗೆಯುವುದರಲ್ಲಿ ತರ್ಕವಿಲ್ಲ.

ರಿಪೇರಿಯಾದ ಮೇಲೆ ಪಾಯಿಂಟಿನ ಕಿಡಿ ತಗ್ಗಿಸಲು ಕಾಯಿಲ್‌ಗೆ ಅಡ್ಡಲಾಗಿ ಡಯೋಡ್ ಹಾಕಿಸಬಹುದು. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಅನೇಕವಕ್ಕೆ ಬ್ಯಾಟರಿಯ ಪಾಸಿಟಿವ್ ತುದಿಯೇ ಕಾರಿನ ಮೈಗೆ ಸೇರಿರುತ್ತದೆ, ಡಯೋಡ್ ತಿರುವುಮುರುವಾದೀತು, ಎಚ್ಚರ. ಕಾರು 6 ವೋಲ್ಟಿನದೋ 12ರದೋ ಎಂದೂ ನೋಡಿಕೊಳ್ಳಿ. ಮತ್ತೆ ಮಲೆನಾಡಿನವರಿಗೆ ಒಂದು ಮಾತು: ಮಳೆ ಹಿಡಿಯುವ ಮುಂಚೆ ಬ್ಯಾಟರಿಯ ವೈರು ಬಿಚ್ಚಿಡಿ, ಬಿಸಿಲು ಬಂದಾಗ ಪೂರ್ತಿ ಚಾರ್ಜ್ ಮಾಡಿಯೇ ಕೂಡಿಸಿ.