ಹಳೇ ವಿಡಿಯೋ ಗೇಮ್: ಅಸಲಿ ಕೊಳ್ಳೋದಾ, ನಕಲಿ ಸಾಕಾ?

ನಿಮ್ಮ ಅಪ್ಪ ಅಮ್ಮ ತೊಂಬತ್ತರ ದಶಕದಲ್ಲಿ ಕರ್ನಾಟಕದಲ್ಲಿ ಬೆಳೆದವರಾದರೆ ಕೇಳಿ ನೋಡಿ: "ನೀವು ಮಾರಿಯೋ, ಕಾಂಟ್ರಾ ಆಡಿದ್ದು ಯಾವ ಮೆಷಿನ್‌ನಲ್ಲಿ?" ಬಹುಶಃ ಅದು ನಿಂಟೆಂಡೋ ಕಂಪನಿಯದ್ದಾಗಿರಲಿಲ್ಲ. 1983ರಲ್ಲಿ ಜಪಾನಿನಲ್ಲಿ ಬಂದ ‘ಫ್ಯಾಮಿಕಾಮ್’ನ ನಕಲು, ಅಂದರೆ ಕ್ಲೋನ್. ಭಾರತದಲ್ಲಿ ‘ಲಿಟಲ್ ಮಾಸ್ಟರ್’ನಂಥ ಹೆಸರುಗಳಲ್ಲಿ ಅವು ಸಿಗುತ್ತಿದ್ದವು. ಕ್ಯಾಸೆಟ್ ಮೇಲೆ ‘9999 ಇನ್ 1’ ಎಂದಿದ್ದರೂ ಒಳಗಿದ್ದದ್ದು ಕೆಲವೇ ಆಟ, ಅವೇ ಮತ್ತೆ ಮತ್ತೆ!

ಇಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಅದರ ಅಸಲಿ ಯುರೋಪಿಯನ್ ರೂಪವಾದ ಎನ್‌ಇಎಸ್ ಈಗಲೂ ಮಾರ್ಕ್ಟ್‌ಪ್ಲಾಟ್ಸ್‌ನಲ್ಲಿ ಸಿಗುತ್ತದೆ. ಅದೃಷ್ಟವಿದ್ದರೆ ಕ್ರಿಂಗ್‌ಲೋಪ್ ಅಂಗಡಿಯಲ್ಲೋ ಕೋನಿಂಗ್ಸ್‌ಡಾಖ್ ದಿನದ ಬೀದಿ ಮಾರಾಟದಲ್ಲೋ ಕಣ್ಣಿಗೆ ಬೀಳಬಹುದು. ಹೊಸ ಕ್ಲೋನ್‌ಗಳು ಆನ್‌ಲೈನ್‌ನಲ್ಲಿ ಅಗ್ಗ. ಹಾಗಾದರೆ ಯಾವುದು ವಾಸಿ?

ಜೋಡಣೆ: ಅಸಲಿ ಯಂತ್ರ ಹಳೇ ಡಬ್ಬಾ ಟಿವಿಗಾಗಿ ಮಾಡಿದ್ದು. ಹಲವು ಹೊಸ ಕ್ಲೋನ್‌ಗಳನ್ನು ಎಚ್‌ಡಿಎಂಐ ವೈರಿನಿಂದ ನೇರವಾಗಿ ಈಗಿನ ಟಿವಿಗೆ ಜೋಡಿಸಬಹುದು. ಆದರೆ ‘ಡಕ್ ಹಂಟ್’ನ ಬಾತುಕೋಳಿ ಹೊಡೆಯುವ ಬಂದೂಕಿಗೆ ಡಬ್ಬಾ ಟಿವಿಯೇ ಬೇಕು. ಕುದುರೆ ಒತ್ತಿದಾಗ ಪರದೆ ಕ್ಷಣಕಾಲ ಕಪ್ಪಾಗಿ, ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಬಂದೂಕು ಆ ಬೆಳಕನ್ನು ಗುರುತಿಸುತ್ತದೆ. ಚಪ್ಪಟೆ ಟಿವಿಯಲ್ಲಿ ಚಿತ್ರ ತುಸು ತಡವಾಗಿ ಬರುವುದರಿಂದ ಲೆಕ್ಕ ತಪ್ಪುತ್ತದೆ.

ಸದ್ದು, ವೇಗ: ಅಸಲಿಯಲ್ಲಿ ಹಲವು ಚಿಪ್‌ಗಳು ಮಾಡುವ ಕೆಲಸವನ್ನು ಅಗ್ಗದ ಕ್ಲೋನ್‌ನಲ್ಲಿ ಒಂದೇ ಚಿಪ್ ಮಾಡುತ್ತದೆ. ಹಾಗಾಗಿ ಕೆಲವದರಲ್ಲಿ ಸಂಗೀತದ ನಾದ, ಬಣ್ಣ ಬೇರೆಯಾಗುತ್ತವೆ. ಹಾಗಂತ ಅಸಲಿ ಎಂದರೆ ಎಲ್ಲವೂ ಸರಿ ಎಂದಲ್ಲ. ಜಪಾನಿನ ಯಂತ್ರ ಸೆಕೆಂಡಿಗೆ 60 ಚಿತ್ರ ತೋರಿಸಿದರೆ ನಮ್ಮ ಯುರೋಪಿನದ್ದು 50. ಬದಲಾಯಿಸದೆ ತಂದ ಆಟಗಳು ಇಲ್ಲಿ ಸುಮಾರು ಆರನೇ ಒಂದು ಭಾಗದಷ್ಟು ನಿಧಾನ!

ಕಾನೂನು: ಆ ಹಳೇ ಯಂತ್ರದ ಪೇಟೆಂಟ್ ಅವಧಿ ಮುಗಿದಿದೆ. ಆಟಗಳ ಹಕ್ಕುಸ್ವಾಮ್ಯ ಮುಗಿದಿಲ್ಲ. ಪೋಷಕರೇ, ‘ನೂರಾರು ಆಟ ಒಳಗೇ ಇವೆ’ ಎಂದು ಮಾರುವ ಅಗ್ಗದ ಪೆಟ್ಟಿಗೆಗಳಲ್ಲಿ ಅನುಮತಿಯಿಲ್ಲದ ಪ್ರತಿಗಳೇ ಹೆಚ್ಚು.

ಆರೈಕೆ: ಅಸಲಿ ಕೊಂಡರೆ ಮೊದಲು ಅಂಗಡಿಯಲ್ಲೇ ಹಾಕಿಸಿ ನೋಡಿ. ಕೆಂಪು ದೀಪ ಮಿಣುಕುತ್ತಿದ್ದರೆ ಕ್ಯಾಸೆಟ್ ಸರಿಯಾಗಿ ಕೂತಿಲ್ಲ, ಇಲ್ಲವೇ ಕೊಳೆಯಾಗಿದೆ ಎಂದರ್ಥ. ಬಾಯಿಂದ ಊದಬೇಡಿ, ಉಸಿರಿನ ತೇವದಿಂದ ಲೋಹ ಹಾಳಾಗುತ್ತದೆ. ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ.

ನನ್ನ ಅಭಿಪ್ರಾಯ ಇಷ್ಟು: ಹಳೇ ಆಟ ಹೇಗಿತ್ತೆಂದು ತಿಳಿಯಬೇಕಾದರೆ ಡಬ್ಬಾ ಟಿವಿಯೊಂದಿಗೆ ಅಸಲಿಯೇ ಬೇಕು. ಸುಮ್ಮನೆ ಮನೆಮಂದಿಯೆಲ್ಲ ಕೂತು ಆಡಲು ಒಳ್ಳೆಯ ಕ್ಲೋನ್ ಮತ್ತು ಒಂದೆರಡು ಅಸಲಿ ಕ್ಯಾಸೆಟ್ ಸಾಕು. ಹಣ ಹಾಕುವ ಮುಂಚೆ ಝ್ವೊಲ್ಲೆಯ ಬೊನಾಮಿ ಮ್ಯೂಸಿಯಂಗೆ ಹೋಗಿ ಹಳೇ ಯಂತ್ರಗಳನ್ನು ಆಡಿ ನೋಡಿ. ಅಪ್ಪ ಅಮ್ಮನನ್ನೂ ಕರೆದೊಯ್ಯಿರಿ. "ನಮ್ಮೂರಲ್ಲಿ ಈ ಮ್ಯೂಸಿಕ್ ಹೀಗಿರಲಿಲ್ಲವಲ್ಲ!" ಎಂದು ಅವರು ಹೇಳಿದರೆ ನಗಬೇಡಿ. ಅವರು ಕೇಳಿ ಬೆಳೆದದ್ದು ಕ್ಲೋನಿನ ಸದ್ದು. ಅವರ ಬಾಲ್ಯಕ್ಕೆ ಅದೇ ಅಸಲಿ.